ಹೊಳೆಯಪ್ಪ ಮತ್ತು ಎರಡನೇ ರವಿವಾರ

ಹೊಳೆಯಪ್ಪನಿಗೆ ಮಾತು ಒಂದು ಚಟ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಆತ. ಅಲ್ಲಿ ಸುತ್ತಿಗೆ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಮನೆಯಲ್ಲಿ ಹೆಂಡತಿ ಸತ್ಯವ್ವ ಅವನ ಮಾತಿಗೆ ಕಿವಿಗೊಡುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತು. ಹೀಗಾಗಿ ವಾರದ ಮಾತನ್ನೆಲ್ಲ ಕೂಡಿಟ್ಟುಕೊಂಡು ರವಿವಾರ ಮಧ್ಯಾಹ್ನ ದೇಶಪಾಂಡೆ ನಗರಕ್ಕೆ ಹೊರಡುತ್ತಿದ್ದ.

ಅಲ್ಲಿ ಬಿಂದುಮಾಧವರಾಯರ ಮನೆಯ ಮಾಳಿಗೆಯ ಮೇಲೆ ಒಂದು ಪುಟ್ಟ ರೈಲು ಓಡುತ್ತಿತ್ತು. ರಾಯರು ಅದೇ ವರ್ಕ್‌ಶಾಪಿನಲ್ಲಿ ನಕಾಶೆ ಬರೆಯುವವರು. ಮೂರನೆಯವನು ಅಬ್ದುಲಮಜೀದ, ಬೋಗಿಗಳಿಗೆ ಬಣ್ಣ ಹೊಡೆಯುವವನು. ಈ ಮೂವರು ಎರಡು ಹಳೆಯ ಬಾಗಿಲುಗಳನ್ನು ಜೋಡಿಸಿ, ಅವುಗಳ ಮೇಲೆ ಹುಬ್ಬಳ್ಳಿಯಿಂದ ಧಾರವಾಡದವರೆಗೆ ಹಳಿ ಹಾಕಿದ್ದರು. ಹಳಿ ಎಂದರೆ ಮುರಿದ ಛತ್ರಿಗಳ ಕಡ್ಡಿ. ಎಂಜಿನ್ನು ಎಂದರೆ ಬಿಸ್ಕಿಟ್ ಡಬ್ಬಿಯ ತಗಡು, ಹೊಟ್ಟೆಯೊಳಗೆ ಅಲಾರಾಂ ಗಡಿಯಾರದ ಸ್ಪ್ರಿಂಗು. ಪೂರಾ ಕೀಲಿ ಕೊಟ್ಟರೆ ಧಾರವಾಡ ಮುಟ್ಟುತ್ತಿತ್ತು, ಕಡಿಮೆ ಕೊಟ್ಟರೆ ನಡುವಿನ ನವಲೂರಿನಲ್ಲೇ ಕೂತುಬಿಡುತ್ತಿತ್ತು.

ಈ ಮೂವರ ‘ಮಾಳಿಗೆ ಮಂಡಳಿ’ಗೆ ಇದ್ದದ್ದು ಒಂದೇ ಕಾನೂನು. ಮೊದಲ ರವಿವಾರ ಬಂದವರು ಅತಿಥಿ, ಎರಡನೇ ರವಿವಾರವೂ ಬಂದರೆ ಸದಸ್ಯರು. ಅತಿಥಿಯನ್ನು ಬರಮಾಡಿಕೊಳ್ಳುವ ಅಧಿಕಾರ ಹೊಳೆಯಪ್ಪನದು, ಅದರ ಗುರುತಿಗೆ ಅವನ ಕೈಯಲ್ಲಿ ಒಂದು ಹಸಿರು ಬಾವುಟ. ಚುರುಮುರಿಯ ಗಿರ್ಮಿಟ್ಟು, ಚಹಾ ಕೊಟ್ಟು ಕೂರಿಸಿ ಅವನು ಎಂಜಿನ್ನಿನ ಬಾಯ್ಲರಿನಿಂದ ಶುರು ಮಾಡುತ್ತಿದ್ದ. ಅದರ ಮೇಲೆ ತಗಡು ಕೂಡಿಸಿದ ಇನ್ನೂರ ಹದಿನಾರು ರಿವೆಟ್ಟು ಮೊಳೆಗಳು, ಒಂದೊಂದಕ್ಕೂ ಒಂದು ಕಥೆ. ಎರಡು ತಾಸಾದರೂ ಗಾಡಿ ಹುಬ್ಬಳ್ಳಿ ಬಿಟ್ಟಿರುತ್ತಿರಲಿಲ್ಲ. ೧೯೬೧ರ ದೀಪಾವಳಿಯ ಹೊತ್ತಿಗೆ ನಾಲ್ವರು ಅತಿಥಿಗಳು ಬಂದು ಹೋಗಿದ್ದರು, ಒಬ್ಬರೂ ತಿರುಗಿ ಬರಲಿಲ್ಲ. ನಾಲ್ಕನೆಯವನಂತೂ ಹಿತ್ತಲಿಗೆ ಹೋಗಿ ಬರುತ್ತೇನೆಂದು ಎದ್ದು ಅತ್ತಿಂದತ್ತಲೇ ಪಾರಾದ. ಅವನ ಚಪ್ಪಲಿ ರಾಯರ ಬಾಗಿಲಲ್ಲೇ ಉಳಿದವು.

"ಹೊಳೆಯಪ್ಪ, ಐದನೇದವರೂ ಓಡಿಹೋದ್ರ ಬಾವುಟ ಮಜೀದನ ಕೈಯಾಗ," ಎಂದರು ರಾಯರು.

ಹೊಳೆಯಪ್ಪ ನಕ್ಕ, ಆದರೆ ಬಾವುಟವನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವನ ಮಾತಿಗೆ ಅಂತ ಈ ಲೋಕದಲ್ಲಿ ಇದ್ದದ್ದು ಅದೊಂದೇ ಜಾಗ. ಅದೂ ಹೋದರೆ ರವಿವಾರ ಎಲ್ಲಿಗೆ ಹೋಗುವುದು?

ಐದನೆಯ ಅತಿಥಿಯನ್ನು ಕರೆತಂದವನು ಅಬ್ದುಲಮಜೀದ. ಅವನ ಮನೆ ಉಣಕಲ್ಲಿನ ಆಚೆ, ರೈಲ್ವೆ ಗೇಟು ದಾಟಿ. ಅಲ್ಲಿ ಗೇಟು ಕಾಯುವವಳು ಕಾಳವ್ವ. ಗಂಡ ತೀರಿಕೊಂಡ ಮೇಲೆ ಅವನ ಕೆಲಸ ಈಕೆಗೆ ಬಂದಿತ್ತು. ಒಂದು ಸಂಜೆ ಮಜೀದನ ಸೈಕಲ್ಲಿನಲ್ಲಿ ತಗಡಿನ ಬೋಗಿ ಕಂಡು ಇದೇನೆಂದು ಕೇಳಿದಳು. ನೋಡಬೇಕಾದರೆ ಬರ್ರಿ ಎಂದು ಅವನು ಹೇಳಿದ, ಆಕೆ ರಜೆ ನೋಡಿಕೊಂಡು ಬಂದೇಬಿಟ್ಟಳು.

"ಬರ್ರಿ ಕಾಳವ್ವಾರ, ಕುಂದರ್ರಿ. ಈ ಬಾಯ್ಲರ್ ಮ್ಯಾಲಿನ ಮೊದಲನೇ ರಿವೆಟ್ ಐತಲ್ರಿ," ಎಂದು ಹೊಳೆಯಪ್ಪ ಶುರು ಹಚ್ಚಿಕೊಂಡ. ಕಾಳವ್ವ ಕೂರಲಿಲ್ಲ. ನಿಂತೇ ಹಲಗೆಯ ಉದ್ದಕ್ಕೂ ಕಣ್ಣಾಡಿಸುತ್ತಿದ್ದಳು. ಒಂಬತ್ತನೇ ರಿವೆಟ್ಟಿನ ಹೊತ್ತಿಗೆ ಮಜೀದನಿಗೆ ತಡೆಯಲಾಗದೆ ಅವನು ಗಾಡಿ ಬಿಟ್ಟ. ಅದು ಉಣಕಲ್ ದಾಟುವಷ್ಟರಲ್ಲಿ ಕಾಳವ್ವ ಕೈ ಚಾಚಿ ಎಂಜಿನ್ನನ್ನು ಹಿಡಿದು ನಿಲ್ಲಿಸಿಬಿಟ್ಟಳು.

"ಗಾಡಿ ಬಿಟ್ಟೀರಿ. ಗೇಟ್ ಯಾರ ಹಾಕಬೇಕು?"

ಎಲ್ಲರೂ ಬಗ್ಗಿ ನೋಡಿದರು. ಹಲಗೆಯ ಮೇಲಿನ ಉಣಕಲ್ ಗೇಟು ತೆರೆದೇ ಇತ್ತು, ಹಳಿಗೆ ಮೂಗು ತಾಗುವಂತೆ ಮಣ್ಣಿನ ಎರಡು ಎತ್ತು, ಹಿಂದೆ ಚಕ್ಕಡಿ.

"ಅದು ಹಾಕಾಕ ಬರಂಗಿಲ್ರಿ," ಎಂದ ಹೊಳೆಯಪ್ಪ, ದನಿ ಸಣ್ಣದಾಗಿತ್ತು. "ತಗದಿದ್ರ ಚಂದ ಕಾಣತೈತಂತ ಬೆಸುಗಿ ಹಾಕೇನಿ."

ಕಾಳವ್ವ ಮೂವರ ಮುಖವನ್ನೂ ಸರದಿಯಂತೆ ನೋಡಿದಳು. ಮೂರು ವರ್ಷದಿಂದ ಆ ಗಾಡಿ ಪ್ರತಿ ರವಿವಾರ ಎತ್ತುಗಳ ಮೂಗು ಸವರಿಕೊಂಡು ಹೋಗುತ್ತಿತ್ತು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬೀಳುವುದಾದರೂ ಹೇಗೆ? ಅವರೆಲ್ಲ ವರ್ಕ್‌ಶಾಪಿನವರು. ಅವರ ಹತ್ತಿರ ಬರುವ ಎಂಜಿನ್ನು ಗಾಲಿ ಬಿಚ್ಚಿಸಿಕೊಂಡು ನಿಂತಿರುತ್ತದೆ. ರಿವೆಟ್ಟು ಎಣಿಸುವುದು ಗೊತ್ತು, ಓಡುವ ಗಾಡಿಯ ಮುಂದೆ ಏನಿರುತ್ತದೆಂಬುದು ಅವರಿಗೆ ಬೇಕಾಗಿಯೇ ಇರಲಿಲ್ಲ.

ಹೊಳೆಯಪ್ಪನಿಗೆ ಹತ್ತನೇ ರಿವೆಟ್ಟು ಮರೆತುಹೋಯಿತು. ನಾಚಿಕೆಯಾಗಿ ತಲೆ ಕೆರೆದುಕೊಂಡ. ಕೊನೆಗೆ, "ಮತ್ತ ಏನೇನ್ ತಪ್ಪೈತ್ರಿ?" ಎಂದು ಕೇಳಿದ.

ಕಾಳವ್ವ ಆಗ ಕೂತಳು. ಮೊದಲು ಗೇಟು ಹಾಕಬೇಕು, ಆಮೇಲೆ ಗಾಡಿಗೆ ದಾರಿ ಬಿಟ್ಟು ಸಿಗ್ನಲ್ಲಿನ ಕೈ ಕೆಳಗೆ ಬೀಳಬೇಕು ಎಂದಳು. ಗೇಟಿನವರ ಗುಡಿಸಲಿನ ಬಾಗಿಲು ಹಳಿಯ ಕಡೆ ಇರಬೇಕು, ನೀವು ಹೊಲದ ಕಡೆ ಇಟ್ಟಿದ್ದೀರಿ ಎಂದಳು. ಕೆಂಪು ದೀಪ ಎಲ್ಲಿ, ಕುಡಿಯುವ ನೀರಿನ ಕೊಡ ಎಲ್ಲಿ ಎಂದು ಕೇಳಿದಳು. ರಾಯರು ಬರೆದುಕೊಂಡರು. ಹೊಳೆಯಪ್ಪ ಒಂದು ತಾಸು ಬಾಯಿ ಮುಚ್ಚಿಕೊಂಡು ಕೂತಿದ್ದ. ಹೋಗುವಾಗ ಆಕೆ ಮತ್ತೆ ಬರುತ್ತೇನೆ ಅನ್ನಲೂ ಇಲ್ಲ, ಬರುವುದಿಲ್ಲ ಅನ್ನಲೂ ಇಲ್ಲ.

ಆ ವಾರ ಹೊಳೆಯಪ್ಪ ಬೆಸುಗೆ ಬಿಚ್ಚಿ ಹೊಸ ಗೇಟು ಮಾಡಿದ. ಗೇಟಿಗೂ ಸಿಗ್ನಲ್ಲಿಗೂ ಒಂದು ದಾರ ಕಟ್ಟಿದ. ಗೇಟು ಬೀಳದ ಹೊರತು ಸಿಗ್ನಲ್ಲು ಅಲುಗುತ್ತಿರಲಿಲ್ಲ. ರವಿವಾರ ನಾಲ್ಕಾಯಿತು, ಐದಾಯಿತು, ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳವಿಲ್ಲ. ರಾಯರು, ಮನಸ್ಸಿಗೆ ಪಾಪ ಅನ್ನಿಸಿದರೂ, ಬಾವುಟಕ್ಕಾಗಿ ಕೈ ಚಾಚಿದರು. ಹೊಳೆಯಪ್ಪ ಬಾವುಟವನ್ನು ಮಡಿಚಿ ಕೊಡುವಾಗ ಮುಖ ಆಚೆ ತಿರುಗಿಸಿಕೊಂಡಿದ್ದ.

ಐದೂವರೆಗೆ ಕಾಳವ್ವ ಏದುಸಿರು ಬಿಡುತ್ತ ಮೇಲೆ ಬಂದಳು. "ಪ್ಯಾಸೆಂಜರ್ ತಡಾ ಆತ್ರಿ. ಅದನ್ನ ದಾಟಿಸದ ಹ್ಯಾಂಗ ಬರಲಿ?" ಎಂದವಳೇ ನೇರ ಹಲಗೆಯ ಮೇಲಿನ ಉಣಕಲ್ಲಿಗೆ ಹೋಗಿ ಗೇಟು ಹಾಕಿ ನೋಡಿದಳು. ಸಿಗ್ನಲ್ಲು ಬಿತ್ತು. ರಾಯರು ಬಾವುಟವನ್ನು ಹೊಳೆಯಪ್ಪನಿಗೆ ವಾಪಸು ಕೊಟ್ಟರು.

ಆಮೇಲೆ ಹೊಳೆಯಪ್ಪನ ಸ್ವಾಗತ ಚುಟುಕಾಯಿತು. "ಬರ್ರಿ, ಚಹಾ ಕುಡೀರಿ, ಏನ್ ತಪ್ಪೈತಿ ಹೇಳ್ರಿ." ಅಷ್ಟೇ. ಬಂದವರೆಲ್ಲ ತಪ್ಪು ಹುಡುಕಿದರು, ಹುಡುಕಿದ್ದನ್ನು ಸರಿಮಾಡಿದರೋ ಇಲ್ಲವೋ ನೋಡಲು ಮುಂದಿನ ವಾರ ಮತ್ತೆ ಬಂದರು. ೧೯೬೮ರಲ್ಲಿ ಅವನು ನಿವೃತ್ತನಾಗುವಾಗ ಮಾಳಿಗೆಯಲ್ಲಿ ಹದಿನಾಲ್ಕು ಮಂದಿ.

ಆ ವರ್ಷವೇ ಒಂದು ರವಿವಾರ, ಏಳು ವರ್ಷದಿಂದ ಕೊರೆಯುತ್ತಿದ್ದುದನ್ನು ಕಾಳವ್ವನಿಗೆ ಕೇಳಿಯೇಬಿಟ್ಟ. "ಖರೇ ಹೇಳ್ರಿ, ಅವತ್ತ ನೀವು ಎರಡನೇ ಸಲ ಯಾಕ ಬಂದ್ರಿ?" ಗೇಟಿನ ಕೆಲಸವನ್ನು ಹೊಗಳುತ್ತಾಳೆಂದು ಅವನ ಎಣಿಕೆ.

"ಆ ಗೇಟಿನ್ಯಾಗ ನಿಂತು ಭಾಳ ವರ್ಷ ಆತ್ರಿ ಅಣ್ಣಾ," ಎಂದಳು ಕಾಳವ್ವ. "ಮೋಟಾರಿನವರು ಬೈದಾರ, ಚಕ್ಕಡಿಯವರು ಬೈದಾರ, ಲಗೂ ತಗಿ ಅಂತ ಒದರ್‍ಯಾರ. ನಿನಗೇನ್ ಗೊತ್ತೈತಿ ಹೇಳವಾ ಅಂತ ಒಬ್ಬರೂ ಕೇಳಿರಲಿಲ್ಲ. ನೀವು ಕೇಳಿದ್ರಿ. ಕೇಳಿ, ಸುಮ್ಮನ ಕುಂತ್ರಿ."

ಹೊಳೆಯಪ್ಪ ಎದ್ದು ಹೋಗಿ ಆಕೆಗೆ ಒಂದು ಕಪ್ ಚಹಾ ತಂದುಕೊಟ್ಟ.