ಗುರುಬಾಯಿ ಮೆಚ್ಚಿದ ಹೆಡ್‌ಫೋನ್

೧೯೬೪ರಲ್ಲಿ ನಾನು ಸೊಲ್ಲಾಪುರದ ಒಂದು ಧರ್ಮಾರ್ಥ ಆಸ್ಪತ್ರೆಯ ಕಿವಿ ವಿಭಾಗದಲ್ಲಿ ಟೆಕ್ನಿಷಿಯನ್ ಆಗಿದ್ದೆ. ತಿಂಗಳಿಗೊಮ್ಮೆ ಜೀಪಿನಲ್ಲಿ ಆಡಿಯೋಮೀಟರ್ ಹೇರಿಕೊಂಡು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಶಿಬಿರ ನಡೆಸುವುದು ನನ್ನ ಪಾಲಿನ ಕೆಲಸ. ಆಡಿಯೋಮೀಟರ್ ಎಂದರೆ ಶ್ರವಣಶಕ್ತಿ ಅಳೆಯುವ ಯಂತ್ರ. ಹೆಡ್‌ಫೋನ್ ಹಾಕಿಕೊಂಡವರಿಗೆ ಅದು ಸಿಳ್ಳಿನಂಥ ಸಣ್ಣ ನಾದಗಳನ್ನು ಕೇಳಿಸುತ್ತದೆ; ಕೇಳಿದಾಗ ಅವರು ಬೆರಳೆತ್ತಬೇಕು. ಇಪ್ಪತ್ತು ಡೆಸಿಬಲ್‌ನೊಳಗಿನ ಸದ್ದಿಗೆ ಬೆರಳೆದ್ದರೆ ಕಿವಿ ಚೆನ್ನಾಗಿದೆ ಎಂದರ್ಥ.

ಆ ಸಲ ಜೀಪಿನಲ್ಲಿ ಎರಡು ಹೆಡ್‌ಫೋನ್‌ಗಳಿದ್ದವು. ಎರಡೂ ಪರದೇಶದವು, ಎರಡೂ ದುಬಾರಿ. ಒಂದು ಯಂತ್ರದ ಜೊತೆಗೇ ಬಂದದ್ದು: ತೆಳು ಪಟ್ಟಿ, ಕಿವಿಯ ಮೇಲೆ ಕೂರುವ ರಬ್ಬರ್ ಬಿಲ್ಲೆ. ಇನ್ನೊಂದು ದಾನಿಯೊಬ್ಬರು ಕಳಿಸಿದ ಹೊಸದು: ಇಡೀ ಕಿವಿಯನ್ನೇ ನುಂಗುವ ದಪ್ಪ ಬಟ್ಟಲು, ಅಂಚಿಗೆ ಮೆತ್ತನೆಯ ದಿಂಡು, ಭಾರ ಮಾತ್ರ ಮಸಾಲೆ ಕುಟ್ಟುವ ಖಲಬತ್ತಿನಷ್ಟು. ನಮ್ಮ ಡಾಕ್ಟರು ಎರಡಕ್ಕೂ ಯಂತ್ರ ಹೊಂದಿಸಿಕೊಟ್ಟು, ಶಿಬಿರಕ್ಕೆ ಯಾವುದು ಮೇಲೆಂದು ನೋಡಿಕೊಂಡು ಬಾ ಎಂದಿದ್ದರು. ನನ್ನ ಕಿವಿಗೆ ಎರಡೂ ಒಂದೇ ಅಂಕಿ ತೋರಿಸಿದವು. ಇದ್ದದ್ದು ಸಾಲದೆ ಇದೊಂದು ಹೊರೆ ಎಂದು ಗೊಣಗುತ್ತಲೇ ಹೊರಟೆ.

ಸಿಂದಗಿಯ ಶಿಬಿರಕ್ಕೆ ದೇವಣಗಾಂವದಿಂದ ಸಂಗಪ್ಪ ಎಂಬ ರೈತರು ಹೆಂಡತಿ ಮತ್ತು ಸೊಸೆಯೊಂದಿಗೆ ಬಂದರು. ಸೊಸೆ ಗುರುಬಾಯಿಗೆ ಇಪ್ಪತ್ತರ ಆಸುಪಾಸು. ಅವಳ ಚೊಚ್ಚಲ ಕೂಸು ಹುಟ್ಟಿದ ವಾರದಲ್ಲೇ ತೀರಿಕೊಂಡಿತ್ತು. ಅಂದಿನಿಂದ ಯಾರು ಕರೆದರೂ ಆಕೆ ತಿರುಗಿ ನೋಡುತ್ತಿರಲಿಲ್ಲ.

“ಕಿವುಡಿ ಆಗ್ಯಾಳಂತ ಬರದ ಕೊಡ್ರಿ ಸಾಹೇಬ್ರ,” ಎಂದರು ಸಂಗಪ್ಪ. “ತವರಿಗೆ ಕಳಸ್ತೇವಿ. ಮಗಗ ಬ್ಯಾರೆ ಕಡೆ ಹೆಣ್ಣ ನೋಡೇವಿ.”

ಪರೀಕ್ಷೆಗೆ ಮೊದಲೇ ತೀರ್ಪು! ನನಗೆ ಸಿಟ್ಟು ಬಂತು, ನುಂಗಿಕೊಂಡೆ.

ಹೆಣ್ಣುಮಕ್ಕಳ ತಲೆಗೆ ನಾನು ಕೈ ಹಚ್ಚುವಂತಿರಲಿಲ್ಲ. ನರ್ಸ್ ಆ ದಿನ ಬಂದಿರಲಿಲ್ಲ. ಹೆಡ್‌ಫೋನನ್ನು ಅತ್ತೆಯ ಕೈಗೆ ಕೊಟ್ಟೆ, ಅವರೇ ಸೊಸೆಗೆ ತೊಡಿಸಿದರು. ತೆಳುವಾದದ್ದರಲ್ಲಿ ಐವತ್ತು ಡೆಸಿಬಲ್‌ಗೆ ಬೆರಳೆದ್ದಿತು, ದಪ್ಪನೆಯದರಲ್ಲಿ ಮೂವತ್ತೈದಕ್ಕೆ. ಮೊದಲನೆಯದನ್ನು ನಂಬಿದರೆ ಸಂಗಪ್ಪ ಕೇಳಿದಂತೆಯೇ ಬರೆಯಬೇಕು. ಎರಡನೆಯದನ್ನು ನಂಬಿದರೆ ಸ್ವಲ್ಪ ಮಂದ, ಅಷ್ಟೆ. ತಂತಿ ನೋಡಿದೆ, ಗುಂಡಿ ತಿರುವಿದೆ, ನನ್ನ ಕಿವಿಗೇ ಮತ್ತೆ ಹಾಕಿ ನೋಡಿದೆ. ಯಂತ್ರದಲ್ಲಿ ದೋಷವಿರಲಿಲ್ಲ. ಆಮೇಲೆ ಕಣ್ಣಿಗೆ ಬಿದ್ದದ್ದು ಸೆರಗು. ಮಾವ ಎದುರಿಗೇ ಕೂತಿದ್ದಾರೆ. ಸೊಸೆ ತಲೆಯ ಮೇಲಿನ ಸೆರಗು ಸರಿಸುವುದುಂಟೆ? ಅತ್ತೆ ಇಳಕಲ್ ಸೀರೆಯ ದಪ್ಪ ಸೆರಗಿನ ಮೇಲೆಯೇ ಹೆಡ್‌ಫೋನ್ ಕೂರಿಸಿದ್ದರು.

“ನೀವು ಸ್ವಲ್ಪ ಹೊರಗ ಕುಂದರಬೇಕ್ರಿ,” ಎಂದೆ ಸಂಗಪ್ಪನವರಿಗೆ.

“ಯಾಕ್ರಿ? ನಾ ಏನ ಗದ್ದಲ ಮಾಡಾಕತ್ತೇನಿ?”

“ಗದ್ದಲ ಅಲ್ರಿ. ನೀವು ಇದ್ರ ಆಕಿ ಸೆರಗ ತಗಿಯಂಗಿಲ್ಲ.”

ಅವರು ಎದ್ದು ಹೋದರು. ಬರಿಗಿವಿಗೆ ಎರಡನ್ನೂ ಹಾಕಿಸಿ ಮೊದಲಿನಿಂದ ಅಳೆದೆ. ಎರಡರಲ್ಲೂ ಹತ್ತು ಡೆಸಿಬಲ್. ನನ್ನ ಕಿವಿಗಿಂತ ಚುರುಕು. ಬೆರಳು ತಪ್ಪದೆ ಏಳುತ್ತಿತ್ತು, ಇಳಿಯುತ್ತಿತ್ತು. ಮುಖದಲ್ಲಿ ಮಾತ್ರ ಏನೂ ಇರಲಿಲ್ಲ.

ಸಂಗಪ್ಪನವರನ್ನು ಕರೆಯಲು ಅತ್ತೆ ಹೊರಗೆ ಹೋದರು. ದಪ್ಪ ಹೆಡ್‌ಫೋನ್ ಇನ್ನೂ ಗುರುಬಾಯಿಯ ಕಿವಿಯಲ್ಲೇ ಇತ್ತು. ತೆಗೆಯುವಂತೆ ಸನ್ನೆ ಮಾಡಿದೆ. ಆಕೆ ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು.

“ಇದನ್ನ ಇನ್ನಾ ಸ್ವಲ್ಪ ಹೊತ್ತ ಇರಗೊಡ್ರಿ,” ಎಂದಳು. ನಾನು ಕೇಳಿದ ಆಕೆಯ ಮೊದಲ ಮಾತು ಅದು. “ಆ ತೆಳ್ಳಂದ್ರಾಗ ಹೊರಗಿನ ಮಾತ ಬರತಾವ್ರಿ. ಇದರಾಗ ಯಾರ ಮಾತೂ ಬರಂಗಿಲ್ಲ.”

ಜೋಳದ ಧಾರಣೆ ಹೇಳುವ ದನಿಯಲ್ಲೇ ಮುಂದುವರಿಸಿದಳು: “ಮನ್ಯಾಗ ದಿನಾ ಕೂಸಿಂದ ಮಾತ, ಇಲ್ಲಂದ್ರ ಹೊಸಾ ಹೆಣ್ಣಿಂದ ಮಾತ. ಎಲ್ಲಾ ಕೇಳಸ್ತೈತ್ರಿ. ನನಗ ಅಳೂನೂ ಬರವಲ್ದು.”

ನಾನು ಯಂತ್ರ ನಿಲ್ಲಿಸಿದೆ, ಹೆಡ್‌ಫೋನನ್ನು ಆಕೆಯ ಕಿವಿಯಲ್ಲೇ ಬಿಟ್ಟೆ.

ಸಂಗಪ್ಪ ಮತ್ತು ಅವರ ಹೆಂಡತಿ ಒಳಗೆ ಬಂದರು. ಕಿವಿ ಕೇಳುತ್ತದೆ ಎಂದರೆ ಸೊಸೆಗೆ ಸೊಕ್ಕು ಎನ್ನುತ್ತಾರೆ, ಕೇಳುವುದಿಲ್ಲ ಎಂದರೆ ತವರಿಗೆ ಅಟ್ಟುತ್ತಾರೆ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಇದ್ದದ್ದನ್ನೇ ಹೇಳಿದೆ.

“ಕಿವಿ ಛಲೋ ಅದಾವ್ರಿ. ಆಕಿಗೆ ಕೇಳಸೂದಿಲ್ಲಂತ ನೀವು ಮನ್ಯಾಗ ಆಕಿ ಮುಂದ ಏನೇನ ಆಡೀರಿ, ಎಲ್ಲಾ ಕೇಳ್ಯಾಳ.”

“ಎಲ್ಲಾ?” ಎಂದರು ಸಂಗಪ್ಪ.

“ಎಲ್ಲಾರೀ.”

ಅವರು ಹೆಂಡತಿಯ ಮುಖ ನೋಡಿದರು. ಹೆಂಡತಿ ನೆಲ ನೋಡಿದರು. ಕಿವುಡಿ ಎಂದು ಬರೆದುಕೊಡುವ ಮಾತು ಮತ್ತೆ ಬರಲಿಲ್ಲ. ಹೋಗುವಾಗ ಅತ್ತೆಯೇ ಸೊಸೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಟ್ಟರು.

ಮುಂದಿನ ತಿಂಗಳು ಅತ್ತೆ ಒಬ್ಬರೇ ತಮ್ಮ ಕಿವಿ ತೋರಿಸಲು ಬಂದರು. ಸೊಸೆ ಹೇಗಿದ್ದಾಳೆ ಎಂದು ಅಂಜುತ್ತಲೇ ಕೇಳಿದೆ.

“ಮನ್ಯಾಗ ಅದಾಳ್ರಿ. ಬ್ಯಾರೆ ಹೆಣ್ಣ ನೋಡೂದು ಬಿಟ್ಟೇವಿ. ಆಕಿ ಮಾತ ಇನ್ನೂ ಕಡಿಮಿನ. ನಾವೂ ಕಡಿಮಿ ಮಾಡೇವಿ.”

ಸೆರಗು, ತಲೆಗೆ ಸುತ್ತಿದ ರುಮಾಲು ಸರಿಸಿದರೆ ಎರಡೂ ಹೆಡ್‌ಫೋನ್ ಸಮವೆಂದೂ, ಗದ್ದಲದ ಶಿಬಿರಕ್ಕೆ ದಪ್ಪನೆಯದೇ ಇರಲಿ ಎಂದೂ ಡಾಕ್ಟರಿಗೆ ತಿಳಿಸಿದೆ. ಅವರು ಒಪ್ಪಿದರು. ಆದರೆ ಆ ಕೆಲಸದಿಂದ ನಾನು ಕಲಿತದ್ದು ಬೇರೆಯೇ. ನಿವೃತ್ತಿಯಾಗುವವರೆಗೂ ಅಂಕಿ ಬರೆದಾದ ಮೇಲೆ ಯಂತ್ರ ನಿಲ್ಲಿಸಿ ಸ್ವಲ್ಪ ಹೊತ್ತು ಕಾಯುತ್ತಿದ್ದೆ. ಬಹಳ ಮಂದಿ ಹೆಡ್‌ಫೋನನ್ನು ಥಟ್ಟನೆ ತೆಗೆದು ಕೈಗಿಡುತ್ತಿದ್ದರು. ತೆಗೆಯದೆ ಹಾಗೇ ಕೂತವರನ್ನು ನಾನು ಎಬ್ಬಿಸುತ್ತಿರಲಿಲ್ಲ.