ಕೇಳಿ ಹೋಗುವವರು

ದೇವಿಕೊಪ್ಪದ ಆ ಹುಡುಗಿಯ ವಿಷಯ ಮೊದಲು ನನಗೆ ತಿಳಿಸಿದವರು ಅವಳ ಶಾಲೆಯ ಟೀಚರು. ನಾನಾಗ ಕಲಘಟಗಿ ತಾಲೂಕಿನಲ್ಲಿ ಮಕ್ಕಳ ರಕ್ಷಣೆಯ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ತಂದೆತಾಯಿ ಇಲ್ಲದ ಹುಡುಗಿ, ಏಳನೆಯ ತರಗತಿ, ಇರುವುದು ಕಾಕಾನ ಮನೆಯಲ್ಲಿ. ಬೆನ್ನ ಮೇಲೆ ಬಾಸುಂಡೆ ಎದ್ದಿವೆ, ಕೇಳಿದರೆ ಬಿದ್ದೆ ಅನ್ನುತ್ತಾಳೆ ಎಂದರು.

ಮರುದಿನ ಬಸ್ಸಿಗೆ ಕಾಯುವಾಗ ಅದೇ ಊರಿನ ಆಶಾ ಕಾರ್ಯಕರ್ತೆ ಸಿಕ್ಕರು. "ನಾನೂ ಹೋಗಿ ಕೇಳೀನ್ರಿ. ಆಕಿ ಕೈ ಸುಟ್ಟಿತ್ತು, ಮುಲಾಮು ಹಚ್ಚಿ ಬಂದೆ" ಎಂದರು. ಟೀಚರಿಗೆ ಕೈ ಸುಟ್ಟದ್ದು ಗೊತ್ತಿಲ್ಲ, ಇವರಿಗೆ ಬೆನ್ನಿನದು ಗೊತ್ತಿಲ್ಲ. ದಿನಾ ಒಂದೇ ಓಣಿಯಲ್ಲಿ ಓಡಾಡುವ ಇಬ್ಬರು! ನನಗೆ ಮೈಯೆಲ್ಲ ಉರಿಯಿತು. ಅಂದೇ ಮೂವರೂ ಶಾಲೆಯ ಅಡುಗೆ ಕೋಣೆಯಲ್ಲಿ ಕುಳಿತೆವು.

ಯಾರು ಯಾವಾಗ ಹೋಗಿದ್ದರೆಂದು ಹೊಂದಿಸಿ ನೋಡುತ್ತಿದ್ದಂತೆ ಟೀಚರ ಮುಖ ಬಿಳಿಚಿಕೊಂಡಿತು. ಆಶಾ ಹೋಗಿ ಬಂದ ಮರುದಿನವೇ ಬಾಸುಂಡೆ ಕಂಡಿತ್ತು. ಟೀಚರು ಹೋಗಿ ಬಂದ ಮೇಲೆ ಹುಡುಗಿ ಶಾಲೆಗೇ ಬಂದಿರಲಿಲ್ಲ. ಇಬ್ಬರೂ ಹೋಗುವ ಮೊದಲು ಕಾಕಾನಿಗೆ ಫೋನು ಮಾಡಿದ್ದರು. ಹೇಳದೆ ಕೇಳದೆ ಒಬ್ಬರ ಮನೆಗೆ ಹೋಗುವುದು ನಮ್ಮ ಕಡೆ ಮರ್ಯಾದೆಯಲ್ಲ ನೋಡಿ. ಆತ ಚಹಾ ಕುಡಿಸಿ, ಬಾಜೂಕ್ಕೆ ಕುಳಿತು, "ಹೇಳವಾ, ಅಂಜಬ್ಯಾಡ" ಎಂದು ತಾನೇ ಹುಡುಗಿಗೆ ಧೈರ್ಯ ಹೇಳಿದ್ದನಂತೆ. ಇವರು ಎದ್ದು ಬಂದ ಮೇಲೆ ಬಡಿದಿದ್ದ. ಇನ್ನೊಂದು ಸಲ ಸುಮ್ಮನೆ ಕೇಳಿ ಬಂದರೆ ಅವಳ ಗತಿ ಏನಾದೀತು ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಈ ಸಲ ಫೋನು ಬೇಡ, ಕೇಳುವುದು ನಾನೊಬ್ಬಳೇ ಎಂದೆ. ಮೂವರಿಗೂ ಗೊತ್ತಿದ್ದದ್ದನ್ನು ಒಟ್ಟುಗೂಡಿಸಿ ಧಾರವಾಡದ ಮಕ್ಕಳ ಕಲ್ಯಾಣ ಸಮಿತಿಗೆ ಮೊದಲೇ ತಿಳಿಸಿದೆ. ಮಹಿಳಾ ಪೊಲೀಸರೊಬ್ಬರು ಓಣಿಯ ತುದಿಯಲ್ಲಿ ಜೀಪು ನಿಲ್ಲಿಸಿಕೊಂಡು ಕಾಯಲು ಒಪ್ಪಿದರು.

ಮೂವರೂ ಹೋದಾಗ ಕಾಕಾ ಮನೆಯಲ್ಲೇ ಇದ್ದ. "ಬರ್ರಿ ಬರ್ರಿ, ಒಂದು ಫೋನರೆ ಮಾಡಬಾರದೇನ್ರಿ?" ಎಂದು ನಕ್ಕ. ಟೀಚರು ಪರೀಕ್ಷೆಯ ಮಾತು ತೆಗೆದರು. ಹುಡುಗಿ ಬಾಗಿಲಿಗೆ ಒರಗಿ ನಿಂತಿದ್ದಳು, ಆತ ಅವಳ ಮೇಲಿನ ಕಣ್ಣು ತೆಗೆಯಲಿಲ್ಲ.

ನಾವು ಏಳುತ್ತಲೇ ಕಾಕಿ ಕುಂಕುಮಕ್ಕೆಂದು ಒಳಗೆ ಕರೆದಳು. ಬಂದ ಹೆಣ್ಣುಮಕ್ಕಳನ್ನು ಬರಿ ಹಣೆಯಲ್ಲಿ ಕಳಿಸಲು ಯಾವ ಮನೆಯಾಕೆಗೂ ಮನಸ್ಸು ಬರುವುದಿಲ್ಲ. ನಾವು ನಂಬಿಕೊಂಡಿದ್ದದ್ದೂ ಅದನ್ನೇ. ದೇವರ ಮುಂದೆ ಹೆಂಗಸರು ಕೂಡಿದಲ್ಲಿಗೆ ಕಾಕಾ ಏನೆಂದು ಬಂದಾನು? ಆದರೂ ಹೊಸ್ತಿಲವರೆಗೆ ಬಂದು ನಿಂತ. ಆಗ ಆಶಾ, "ಹಿತ್ತಲದಾಗ ಬ್ಯಾರಲ್ ಅದಾವಲ್ರಿ, ಡೆಂಗಿ ಹುಳ ಆಗ್ಯಾವೇನೋ ನೋಡೂಣು ಬರ್ರಿ" ಎಂದು ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋದರು.

ಕಾಕಿ ಕುಂಕುಮದ ಬಟ್ಟಲನ್ನು ಹುಡುಗಿಯ ಕೈಗೆ ಕೊಟ್ಟು, ನಮಗೆ ಬೆನ್ನು ಮಾಡಿ ದೀಪದ ಬತ್ತಿ ತೀಡತೊಡಗಿದಳು. ಬೇಕೆಂತಲೇ ತಿರುಗಿದಳೆಂದು ನನಗೆ ಈಗಲೂ ಅನಿಸುತ್ತದೆ. ಹುಡುಗಿ ನನ್ನ ಹಣೆಗೆ ಕುಂಕುಮ ಹಚ್ಚಿದಳು. ನಾನು ಬಾಯಿ ತೆರೆಯುವ ಮೊದಲೇ ಅವಳು ಪಿಸುಗುಟ್ಟಿದಳು:

"ಇವತ್ತೂ ಕೇಳಿ ಹೊಕ್ಕೀರೇನ್ರಿ?"

"ಇಲ್ಲವಾ. ಕರ್ಕೊಂಡು ಹೋಗಾಕ ಬಂದೀನಿ. ಬರ್ತಿ?"

ಅವಳು ಬಟ್ಟಲು ಕೆಳಗಿಟ್ಟಳು. ಚಪ್ಪಲಿ ಹುಡುಕಲೂ ಇಲ್ಲ. ಜೀಪು ಹತ್ತುವ ಹೊತ್ತಿಗೆ ಕಾಕಾನ ಬೈಗುಳ ಓಣಿಯ ತುಂಬ ಕೇಳುತ್ತಿತ್ತು. ಆಶಾ ಓಡುತ್ತಲೇ ಬಂದು ಹತ್ತಿದರು.

ಧಾರವಾಡದಲ್ಲಿ ಸಮಿತಿಯ ಅಮ್ಮ ಅವಳನ್ನು ಹತ್ತಿರ ಕೂರಿಸಿಕೊಂಡು, ಮೆತ್ತಗೆ, "ಏನಾತವಾ, ಹೇಳು" ಎಂದರು. ಹುಡುಗಿ ಟೀಚರನ್ನು ನೋಡಿದಳು, ಆಶಾ ಅವರನ್ನು ನೋಡಿದಳು, ನನ್ನನ್ನೂ ನೋಡಿದಳು.

"ಇವರನ್ನ ಕೇಳ್ರಿ" ಎಂದಳು. "ಇವರಿಗೆ ಮೊದಲಿಂದನೂ ಗೊತ್ತಿತ್ತು."