ಇಲಿ ಕೊಟ್ಟ ಉತ್ತರ

ವಡೋದರೆಯ ಪ್ರಯೋಗಾಲಯದಲ್ಲಿ ನನಗಿಂತ ಹಿರಿಯರಾಗಿದ್ದ ಆ ಗುಜರಾತಿ ಸಂಶೋಧಕರು, ಯಾರು ಏನು ವಾದಿಸಿದರೂ ಕನ್ನಡಕ ಒರೆಸುತ್ತ, "ಇಲಿಯನ್ನೇ ಕೇಳೋಣ, ಭಾಯ್" ಎನ್ನುತ್ತಿದ್ದರು. ಅದು ಅರವತ್ತರ ದಶಕದ ನಡುಭಾಗವಿರಬೇಕು. ಇಸವಿಯನ್ನು ತಾಳೆ ನೋಡಲು ಆಧಾರ ಸಿಗಲಿಲ್ಲ. ಪಪ್ಪಾಯಿ ಬೀಜದ ಸಾರವು ಗಂಡಿಲಿಗಳ ಸಂತಾನಶಕ್ತಿಯನ್ನು ತಡೆಯುತ್ತದೆಂದು ಸಾಧಿಸಲು ಅವರು ವರ್ಷಗಳನ್ನೇ ಸವೆಸಿದ್ದರು. ಕೊನೆಯ ಪರೀಕ್ಷೆಯಲ್ಲಿ, ಸಾರ ಕುಡಿದ ಗಂಡುಗಳೊಡನೆ ಬಿಟ್ಟಿದ್ದ ಹೆಣ್ಣಿಲಿಗಳೆಲ್ಲ ಮರಿ ಹಾಕಿದವು. ಅವರ ಡಾಕ್ಟರೇಟಿನ ಆಸೆ ಅಲ್ಲಿಗೆ ಮುಗಿಯಿತು.

ಗುಜರಾತಿನಲ್ಲಿ ಗಂಡುಮಗು ಹುಟ್ಟಿದರೆ ಪೇಡ, ಹೆಣ್ಣಾದರೆ ಜಿಲೇಬಿ ಹಂಚುವುದು ರೂಢಿ. ಮರುದಿನ ಅವರು ಎರಡನ್ನೂ ತಂದರು.

"ಎರಡೂ ಯಾಕೆ, ಸಾಹೇಬ್?" ಎಂದೆ.

"ಮರಿಗಳಲ್ಲಿ ಎರಡೂ ಇವೆಯಲ್ಲ, ಭಾಯ್! ಇಲಿಯನ್ನು ಕೇಳಿದವನು ನಾನೇ, ಅದು ಉತ್ತರ ಹೇಳಿದೆ. ತಗೊಳ್ಳಿ."

ಎಲ್ಲರಿಗೂ ಹಂಚಿದ ಮೇಲೆ ಕನ್ನಡಕ ತೆಗೆದರು. ಒರೆಸದೆ, ಕೈಯಲ್ಲೇ ಹಿಡಿದು ಕುಳಿತರು.